ನೀಲಿಮಾ ಗಂಟು

“ಬೆನ್ನ ತುಂಬ ಬಟ್ಟಿ ಯಾಕ ಇಟ್ಟಿ? ಕ್ಯಾಲೆಂಡರಿನ್ಯಾಗ ಹೆಂಗೈತಿ ಹಂಗ ಹೊಲಿ ಅಂದಿದ್ನಿಲ್ಲ? ಕಣ್ಣು ಕಾಣಂಗಿಲ್ಲೇನು ನಿನಗ?”

ಕುಪ್ಪಸವನ್ನು ಅಕ್ಕನ ಮುಂದೆ ಒಗೆದೆ. ಅಕ್ಕ ರೇವವ್ವ ಅದನ್ನು ಎತ್ತಿ ತೊಡೆಯ ಮೇಲೆ ಮಡಚಿಟ್ಟುಕೊಂಡು, ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು.

“ಕಾಣತೈತಿ. ಆ ಹುಡುಗಿ ಬೆನ್ನೂ ಕಾಣತೈತಿ, ಎಲುಬೂ ಕಾಣತೈತಿ. ಪಾಪ, ಮುಂಬೈಯಾಗ ಯಾರೂ ಉಣ್ಣಾಕ ಹಾಕಂಗಿಲ್ಲೇನೋ.”

ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಮಲ್ಲಕ್ಕ ಕಿಸಕ್ಕನೆ ನಕ್ಕಳು. ಪಕ್ಕದೂರು ಶಲವಡಿಯ ದೊಡ್ಡ ಮನೆಯ ಹುಡುಗಿ, ಬರುವ ಸೋಮವಾರ ಮದುವೆ. ಕುಪ್ಪಸ ಅವಳದೇ. ಅದು ಅವಳಿಗೆ ಒಪ್ಪಿಗೆಯಾಗದಿದ್ದರೆ ಅವಳ ಓಣಿಯ ಹೆಂಗಸರೆಲ್ಲ ನನ್ನನ್ನು ಬಿಟ್ಟು ಇಸ್ಮಾಯಿಲಸಾಬನ ಅಂಗಡಿ ಹತ್ತುತ್ತಿದ್ದರು. ನಮ್ಮ ಅಣ್ಣಿಗೇರಿಯಲ್ಲಿ ಹೊಲಿಗೆಯವರಿಗೇನು ಬರಗಾಲವಿರಲಿಲ್ಲ.

ಇದಕ್ಕೆಲ್ಲ ಕಾರಣ ಗೋಡೆಯ ಮೇಲಿದ್ದ ನೀಲಿಮಾ. ಮೊದಲು ಅವಳು ಸಾಬೂನಿನ ಜಾಹೀರಾತಿನಲ್ಲಿ ಅರ್ಧ ಮುಖ ತೋರಿಸಿದಳು. ಆಮೇಲೆ ಬಟ್ಟೆ ಗಿರಣಿಯವರು ಹಿಡಿದುಕೊಂಡರು. ಎಪ್ಪತ್ತನೇ ಇಸವಿಯಿಂದ ಪ್ರತಿ ವರ್ಷ ಕ್ಯಾಲೆಂಡರಿನಲ್ಲಿ ಅವಳೇ. ಉಬ್ಬಿದ ತೋಳು ತೊಟ್ಟಳು, ಊರಿಗೆಲ್ಲ ಉಬ್ಬಿದ ತೋಳು ಬೇಕಾಯಿತು. ಓರೆ ಬೈತಲೆ ತೆಗೆದಳು, ಎಮ್ಮೆ ಕಾಯುವ ಹುಡುಗಿಯ ಬೈತಲೆಯೂ ಓರೆಯಾಯಿತು. ಬೆನ್ನಿಗೆ ಹುಕ್ಕು ಹಾಕಿಕೊಂಡಳು, ಮುಂದೆ ಗಂಟು ಕಟ್ಟುವ ಕುಪ್ಪಸವನ್ನು ಮುದುಕಿಯರಷ್ಟೇ ಕೇಳತೊಡಗಿದರು. ಮುಂಬೈಯಲ್ಲಿ ಕೂತು ನನ್ನ ಅಂಗಡಿಯನ್ನು ಆಕೆ ನಡೆಸುತ್ತಿದ್ದಳು. ಬಾಡಿಗೆ ಕಟ್ಟುವವನು ಮಾತ್ರ ನಾನು.

ಅಕ್ಕ ನಮ್ಮವ್ವನಿಂದ ಕಲಿತದ್ದು ಆ ಗಂಟಿನ ಕುಪ್ಪಸವನ್ನೇ. ಗಂಡ ತೀರಿಕೊಂಡ ಮೇಲೆ ನನ್ನ ಮನೆಗೆ ಬಂದಾಗ, ಅದನ್ನು ಬಿಡು ಎಂದು ಹುಕ್ಕು ಹಚ್ಚಲು ಕೂಡಿಸಿದೆ. ಹಚ್ಚಿದಳು, ವರ್ಷಗಟ್ಟಲೆ.

ಆ ವರ್ಷದ ಕ್ಯಾಲೆಂಡರಿನಲ್ಲಿ ಎರಡು ಚಿತ್ರ. ಒಂದರಲ್ಲಿ ನೀಲಿಮಾ ಇಳಕಲ್ ಸೀರೆ ಉಟ್ಟು, ಖಣದ ಕುಪ್ಪಸಕ್ಕೆ ಮುಂದೆ ಗಂಟು ಬಿಗಿದು ನಿಂತಿದ್ದಾಳೆ. ಇನ್ನೊಂದರಲ್ಲಿ ಬೆನ್ನು ತಿರುಗಿಸಿದ್ದಾಳೆ, ಅರ್ಧ ಬೆನ್ನು ಬಯಲು. ಅಜ್ಜಿಯ ಗಂಟಿಗೆ ಮೂಗು ಮುರಿದವರೆಲ್ಲ “ನೀಲಿಮಾ ಗಂಟು” ಬೇಕೆಂದು ಓಡಿ ಬಂದರು. ನಾನು ಹೊಲಿದ ಗಂಟು ಜಾರುತ್ತಿತ್ತು. ಅಕ್ಕನದು ಜಾರುತ್ತಿರಲಿಲ್ಲ.

“ಇದು ಈಕಿ ಉಡಿಯಾಗ ಸೋದರಮಾವ ಹಾಕಿದ ಖಣ,” ಎಂದಳು ಅಕ್ಕ. “ಉಡಿಗೆ ಬಂದದ್ದರಾಗ ಚೂರು ಕತ್ತರಿಸಿ ಕಸಕ್ಕ ಒಗೀಬೇಕೇನು? ಅವ್ವ ಒಂದರ ಚೂರು ಒಗದಿದ್ಳೇನು?”

“ಕಾಲ ಬದಲಾಗೈತಿ.”

“ಬದಲಾಗಿದ್ರ ಮತ್ತ ಗಂಟ್ಯಾಕ ಬೇಕಾತೋ ಶಂಕ್ರ್ಯಾ? ನಾ ಹೊಲದ್ರ ಮುದುಕೇರ ಕುಪ್ಪಸ, ಆಕಿ ತೊಟ್ರ ಫ್ಯಾಶನ್ನು!”

“ನನಗ ನೀಲಿಮಾಂದ ಬೇಕ್ರಿ ಅಕ್ಕಾರ,” ಮಲ್ಲಕ್ಕ ನಡುವೆ ಬಾಯಿ ಹಾಕಿದಳು. “ಇದು ನಮ್ಮ ಮುದುಕಿ ಆಯಿದಿದ್ದಂಗ ಐತ್ರಿ.”

“ನಿಮ್ಮ ಆಯಿದೂ ನಾನ ಹೊಲದೀನವ್ವಾ. ಇನ್ನೂ ಹರದಿಲ್ಲ, ಹೋಗಿ ನೋಡು.”

ನನ್ನ ತಲೆ ಕೆಟ್ಟುಹೋಯಿತು. ಅಕ್ಕನ ತೊಡೆಯ ಮೇಲಿನ ಕುಪ್ಪಸ ಕಸಿದು, ಬೆನ್ನಿಗೆ ಕತ್ತರಿ ಹಾಕಿ ಕರಕರ ಕೊಯ್ದೆ. ಖಣದ ಚೂರು ನೆಲಕ್ಕೆ ಬಿತ್ತು.

“ಆತಿಲ್ಲೋ? ಇನ್ನ ಅಂಚು ಮಡಚಿ ಹೊಲಿ. ನನ್ನ ಅಂಗಡ್ಯಾಗ ಕುಂದ್ರಬೇಕಂದ್ರ ನಾ ಹೇಳಿದಂಗ ಹೊಲೀಬೇಕು. ಇಲ್ಲಂದ್ರ ಬಾಗಲಾ ತೆರದೈತಿ.”

ಅಕ್ಕ ತಿರುಗಿ ಬೈಯುತ್ತಾಳೆಂದು ಕಾಯ್ದೆ. ಆಕೆ ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿದ್ದ ಟೋಪಿ ಕಳಚಿ ಮಷೀನಿನ ಮೇಲಿಟ್ಟಳು. ನೆಲದ ಮೇಲಿನ ಚೂರನ್ನು ಎತ್ತಿ, ಧೂಳು ಜಾಡಿಸಿ, ಉಡಿಯಲ್ಲಿ ಸಿಕ್ಕಿಸಿಕೊಂಡಳು.

“ಗಂಟು ಆಕೀನ್ನ ಕೇಳಿ ಹಾಕು,” ಎಂದು ಕ್ಯಾಲೆಂಡರಿನ ಕಡೆ ಕೈ ಮಾಡಿ ಮೆಟ್ಟಿಲಿಳಿದಳು.

“ಹೋಗು, ಹೋಗು!” ಎಂದು ಅಕ್ಕನ ಹಿಂದಿನಿಂದ ಕೂಗಿದೆ. “ರೊಟ್ಟಿ ಹೊತ್ತಿಗೆ ತಾನ ಬರ್ತಾಳ,” ಎಂದೆ ಮಲ್ಲಕ್ಕನಿಗೆ. ಅಂಚು, ಗಂಟಿನ ತುದಿ ಎರಡನ್ನೂ ನಾನೇ ಹೊಲಿದು ಕೊಟ್ಟೆ. ಅವಳು ಒಳಗೆ ಹೋಗಿ ತೊಟ್ಟುಕೊಂಡು ಬಂದು, ಕನ್ನಡಿಯ ಮುಂದೆ ಒಮ್ಮೆ ತಿರುಗಿದ್ದೇ ತಡ, ಗಂಟು ಜಾರಿತು. ಬಿಗಿದುಕೊಂಡಳು, ಮತ್ತೆ ಜಾರಿತು. ಸೆರಗು ಬಿಗಿಯಾಗಿ ಹೊದ್ದುಕೊಂಡು, ಎದುರು ಸಾಲಿನ ಇಸ್ಮಾಯಿಲಸಾಬನ ಅಂಗಡಿಗೆ ನಡೆದಳು.

ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ ಬೇರೆ ಹುಡುಗಿ ಬಂದಳು. ನೀಲಿಮಾ ಏನಾದಳೋ ಗೊತ್ತಿಲ್ಲ. ಆದರೂ ಮದುವೆ ಬಂತೆಂದರೆ ಬಾಗಿಲಲ್ಲಿ ಯಾವಳಾದರೂ ನಿಂತು “ನೀಲಿಮಾ ಗಂಟು ಹಾಕ್ತೀರೇನ್ರಿ?” ಎಂದು ಕೇಳುತ್ತಾಳೆ. ಹಾಕುವುದಿಲ್ಲ ಎಂದು ಗದರಿ ಕಳಿಸುತ್ತೇನೆ.

ಅಕ್ಕ ಆ ದಿನ ಯರಗುಪ್ಪಿಗೆ, ಗಂಡನ ಮನೆಗೆ ಹೋದಳಂತೆ. ಮತ್ತೆ ನನ್ನ ಮೆಟ್ಟಿಲು ಹತ್ತಲಿಲ್ಲ.