ಡಿಕ್ಕಿಯಲ್ಲಿ ಇಪ್ಪತ್ತು ಕಲ್ಲು

ತೂಕದ ಯಂತ್ರ ರಿಪೇರಿ ಮಾಡುವವನಿಗೆ ಜಗತ್ತಿನ ಎಲ್ಲದರ ತೂಕವೂ ಗೊತ್ತು, ತಾನು ಇನ್ನೊಬ್ಬರ ಮೇಲೆ ಹೊರಿಸಿದ ಹೊರೆಯದೊಂದನ್ನು ಬಿಟ್ಟು. ಅಕ್ಕನಿಗೆ ಈ ಜ್ಞಾನೋದಯವಾದದ್ದು ಗುಡ್ಡದ ಏರಿನ ನಡುಮಧ್ಯೆ, ಅವಳ ಟ್ಯಾಕ್ಸಿಯ ಮೂತಿ ಆಕಾಶ ನೋಡತೊಡಗಿದಾಗ.

ತಮ್ಮನನ್ನು ಎಲ್ಲರೂ ಗುಂಜಿ ಅಂತಲೇ ಕರೆಯುತ್ತಿದ್ದರು. ತಕ್ಕಡಿಯಲ್ಲಿ ಒಂದು ಗುಂಜಿ ಹೆಚ್ಚುಕಮ್ಮಿಯಾದರೂ ಅನ್ನ ಸೇರದ ಆಸಾಮಿ. ಆ ದಿನ ಅವನ ಗೂಡ್ಸ್ ಆಟೋ ಕೈಕೊಟ್ಟಿತ್ತು. ಗುಡ್ಡದ ಮೇಲಿನ ಕ್ವಾರಿಯಲ್ಲಿ ಲಾರಿ ತೂಗುವ ಯಂತ್ರವನ್ನು ಹನ್ನೆರಡರೊಳಗೆ ಪರೀಕ್ಷಿಸಿ ಕೊಡಬೇಕಿತ್ತು. ಅದಕ್ಕೆ ತೂಕದ ಕಲ್ಲುಗಳು ಬೇಕು. ಹೆಸರಿಗಷ್ಟೇ ಕಲ್ಲು, ಅಸಲು ಎರಕದ ಕಬ್ಬಿಣ; ಒಂದೊಂದೂ ಇಪ್ಪತ್ತು ಕೆಜಿ, ಅಂಥವು ಇಪ್ಪತ್ತು.

"ನಿನ್ನ ಡಿಕ್ಕಿಯಲ್ಲೇ ಒಯ್ದುಬಿಡೋಣ ಅಕ್ಕಾ. ಏನು ಮಹಾ, ನಾಲ್ಕು ಜನ ದಢೂತಿಗಳು ಕೂತ ಹಾಗೆ."

"ನಾಲ್ಕು ಜನ ಡಿಕ್ಕಿಯಲ್ಲಿ ಕೂರ್ತಾರೇನೋ? ಅರ್ಧ ಒಳಗಡೆ ಸೀಟಿನ ಮೇಲಿಡು."

"ಅಯ್ಯೋ, ಸೀಟಿನ ಮೇಲಿಟ್ಟರೆ ಜಾರಿ ಒಂದಕ್ಕೊಂದು ಬಡೀತವೆ. ಅಂಚು ಮುಕ್ಕಾದ್ರೆ ತೂಕ ಸುಳ್ಳಾಗುತ್ತೆ. ಸರ್ಕಾರದ ಮುದ್ರೆ ಹಾಕಿಸಿರೋ ಕಲ್ಲು ಕಣೇ ಇವು!"

ಇಪ್ಪತ್ತನ್ನೂ ಡಿಕ್ಕಿಯಲ್ಲೇ ಜೋಡಿಸಿದ. ನಡುನಡುವೆ ಗೋಣಿಚೀಲ ಬೇರೆ, ಹಸುಗೂಸಿಗೆ ಹೊದಿಸಿದ ಹಾಗೆ. ಮೇಲೆ ಸಾಮಾನಿನ ಪೆಟ್ಟಿಗೆ ಇಟ್ಟಿದ್ದರಿಂದ ಬಾಗಿಲು ಮುಚ್ಚಲಿಲ್ಲ. ಎತ್ತಿ ಹಗ್ಗ ಕಟ್ಟಿದ. ಅಕ್ಕ ಬೈದಳು, ಬೈದು ಹೊರಟಳು. ಅವಳ ಹಣೆಬರಹವೇ ಅಷ್ಟು. ಅಮ್ಮ ಹೋದಾಗ ಎರಡು ವರ್ಷದವನಿದ್ದ ಗುಂಜಿಯನ್ನು ಹತ್ತು ವರ್ಷದ ಇವಳು ಸೊಂಟಕ್ಕೆ ಏರಿಸಿಕೊಂಡಿದ್ದಳು, ಇವತ್ತಿಗೂ ಇಳಿಸಿರಲಿಲ್ಲ.

ಸಪಾಟು ರಸ್ತೆಯಲ್ಲಿ ಕಾರು ಹೇಗೋ ಓಡಿತು. ಏರು ಶುರುವಾದದ್ದೇ ತಡ, ಸ್ಟೀರಿಂಗ್ ಕೈಯಲ್ಲಿ ಹಗುರಾಯಿತು. ಈ ಕಾರನ್ನು ಎಳೆಯುವುದು ಮುಂದಿನ ಚಕ್ರಗಳು. ಭಾರವೆಲ್ಲ ಹಿಂದೆ ಕೂತು ಅವಕ್ಕೆ ನೆಲವೇ ಸಿಗದಂತಾಗಿತ್ತು. ರಸ್ತೆ ತುಂಬ ಕಲ್ಲುಪುಡಿ. ಕೊನೆಯ ತಿರುವು ದಾಟಿದ ಮೇಲೆ ಚಕ್ರಗಳು ಇದ್ದಲ್ಲೇ ಗರಗರ ತಿರುಗಿದವು. ಎಂಜಿನ್ ಆಫ್ ಆಯಿತು. ಕಾರು ಒಂದು ಗೇಣು ಹಿಂದಕ್ಕೆ ಸರಿಯಿತು.

ಅಕ್ಕ ಎರಡೂ ಕಾಲು ಬ್ರೇಕಿನ ಮೇಲೆ ಊರಿ ಹ್ಯಾಂಡ್ ಬ್ರೇಕ್ ಎಳೆದಳು. ಆದರೂ ಕಲ್ಲುಪುಡಿಯ ಮೇಲೆ ಜಾರಿ ಇನ್ನೊಂದು ಗೇಣು ಸರಿಯಿತು. ಹಿಂದೆ, ತಿರುವಿನಾಚೆ, ತಡೆಗೋಡೆಯಿಲ್ಲದ ಹಳೇ ಕ್ವಾರಿಯ ಗುಂಡಿಯಿತ್ತು.

"ನಾನು ನೂಕ್ತೀನಿ!" ಗುಂಜಿ ಬಾಗಿಲು ತೆಗೆದು ಹಾರಿದ.

"ಹಿಂದೆ ಹೋಗಬೇಡ್ವೋ ಹುಚ್ಚಪ್ಪಾ! ಚಕ್ರಕ್ಕೆ ಕಲ್ಲು ಕೊಡು!"

ಕ್ವಾರಿ ರಸ್ತೆಯಲ್ಲಿ ಕಲ್ಲಿಗೆ ಬರವೇ ಎಂದು ನೀವು ಕೇಳಬಹುದು. ಹೌದು, ಬರವೇ! ಇದ್ದದ್ದೆಲ್ಲ ಹೆಬ್ಬೆರಳುಗಾತ್ರದ ಜಲ್ಲಿ. ಅವನು ಬಾಚಿ ಬಾಚಿ ಒಡ್ಡಿದ್ದನ್ನು ಚಕ್ರ ಕರಕರ ಅರೆದುಕೊಂಡು ಹಿಂದಕ್ಕೇ ಸರಿಯಿತು.

"ಡಿಕ್ಕಿಯಿಂದ ಒಂದು ತೆಗೆದು ಇಡೋ! ನಿನ್ನ ತೂಕದ ಕಲ್ಲು ಇಡೋ!"

ಕನ್ನಡಿಯಲ್ಲಿ ನೋಡಿದರೆ ಎತ್ತಿದ ಡಿಕ್ಕಿ ಬಾಗಿಲಷ್ಟೇ ಕಂಡಿತು. ಅದರ ಹಿಂದೆ, ಜಾರುವ ಕಾರಿಗೆ ಎದೆಕೊಟ್ಟು ತಮ್ಮ ನಿಂತಿದ್ದಾನೋ, ಬಿದ್ದಿದ್ದಾನೋ? ಇಳಿದು ನೋಡೋಣವೆಂದರೆ ಬ್ರೇಕಿನಿಂದ ಕಾಲು ತೆಗೆಯುವ ಹಾಗಿಲ್ಲ.

"ಗುಂಜೀ! ಬಾಯಿ ಸತ್ತೋಗಿದೆಯೇನೋ?"

ಧಡ್ ಎಂದು ಸದ್ದಾಯಿತು. ಕಾರು ನಿಂತಿತು. ಯಾವುದಕ್ಕೆ ತಗುಲಿ ನಿಂತಿತು ಎಂದು ಯೋಚಿಸಲೂ ಅಕ್ಕನಿಗೆ ಧೈರ್ಯವಾಗಲಿಲ್ಲ.

"ಎಡಗಡೆ ಚಕ್ರಕ್ಕೆ ಒಂದಿಟ್ಟೆ ಅಕ್ಕಾ," ಹಿಂದಿನಿಂದ ಏದುಸಿರಿನ ದನಿ ಬಂತು. "ಕಾಲು ತೆಗೀಬೇಡ. ಬಲಗಡೆಗೂ ಇಡ್ತೀನಿ."

"ಇಷ್ಟೊತ್ತು ಏನ್ ಮಾಡ್ತಿದ್ದೆ?"

"ಹಳೇದು ಹುಡುಕ್ತಿದ್ದೆ. ಹೋದ ವರ್ಷದ ಮುದ್ರೆಯದು, ಅವಧಿ ಮುಗಿದದ್ದು ಒಂದಿತ್ತು, ಅದನ್ನೇ ಇಟ್ಟೆ. ಇನ್ನೊಂದು ಎಲ್ಲೋ ಅಡಿಯಲ್ಲಿದೆ, ತಾಳು."

ಹಿಂದೆ ಕಬ್ಬಿಣ ಸರಿಸುವ ಸದ್ದು. ಇವನ ತಲೆಗಿಷ್ಟು! ನಾನೂರು ಕೆಜಿ ಮೈಮೇಲೆ ಬರುತ್ತಿರುವಾಗ ಕಲ್ಲಿನ ಜಾತಕ ನೋಡುತ್ತಿದ್ದಾನೆ. ಕಾರಿನ ಬಲಭಾಗ ಮೆಲ್ಲಗೆ ಓರೆಯಾಗಿ ಜಾರತೊಡಗಿತು. ಎಡಚಕ್ರದ ಕಲ್ಲು ಕಿರ್ ಎಂದಿತು.

ಅಕ್ಕನಿಗೆ ಕೂಗಲು ಉಸಿರೇ ಉಳಿದಿರಲಿಲ್ಲ. ಅಳು ಬಂತು. ಅಳುತ್ತಲೇ ಅಂದಳು: "ಲೋ, ಆ ಕಲ್ಲು ಮುಕ್ಕಾದ್ರೆ ಇನ್ನೊಂದು ಎರಕ ಹೊಯ್ತಾರೆ. ನಿನ್ನ ತೂಕ ಯಾವ ಮುದ್ರೆಯಲ್ಲೂ ಬರೆದಿಲ್ಲ ಕಣೋ. ಹೊತ್ತ ಸೊಂಟಕ್ಕೆ ಮಾತ್ರ ಗೊತ್ತು. ನನ್ನ ಕೈಯಿಂದಲೇ ನಿನ್ನ ಮೇಲೆ ಕಾರು ಹತ್ತಿಸಬೇಡ್ವೋ, ದಮ್ಮಯ್ಯ."

ಸರಿಸುವ ಸದ್ದು ನಿಂತಿತು. ಆಮೇಲೆ ಬಲಗಡೆ ಧಡ್ ಎಂದಿತು.

"ಈಗ ಕಾಲು ತೆಗಿ ಅಕ್ಕಾ."

"ಮೊದಲು ನೀನು ನನ್ನ ಕಣ್ಣೆದುರು ಬಾ."

ಗುಂಜಿ ಕಿಟಕಿಯ ಹತ್ತಿರ ಬಂದ. ಮುಖವೆಲ್ಲ ಕಲ್ಲುಪುಡಿ, ಅಂಗೈ ಕಪ್ಪು. ಅಕ್ಕ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ ಮೇಲೆಯೇ ಒಂದು ಕಾಲು ಎತ್ತಿದಳು, ಆಮೇಲೆ ಇನ್ನೊಂದು. ಕಾರು ಅಲ್ಲಾಡಲಿಲ್ಲ.

"ಇನ್ನೊಂದು ಹಳೇದು ಸಿಕ್ತಾ?" ಕೇಳಿದಳು.

ಅವನು ತಲೆ ತಗ್ಗಿಸಿದ. "ಹುಡುಕಲಿಲ್ಲ. ಮೇಲಿದ್ದದ್ದನ್ನೇ ಇಟ್ಟೆ. ಹೊಸದು, ಮೊನ್ನೆ ತಾನೇ ಮುದ್ರೆ ಹಾಕಿಸಿದ್ದು."