ಸರ್ವರ್ ಇಲ್ಲ

“ಏಯ್ ಮುದುಕಿ, ಬಕೆಟ್ ತುಂಬ್ತಿದೆ. ಕಣ್ಣೇನು ನೆತ್ತಿ ಮೇಲಿದ್ಯಾ ನಿಂಗೆ?”

ಗೋಕುಲ್ ಗಾಜಿನ ಬಾಗಿಲಾಚೆಯಿಂದಲೇ ಬೈದ. ಪಾರವ್ವ ಏಸಿಯ ಕೆಳಗಿನ ಬಕೆಟ್ ಎತ್ತಿ ಸಿಂಕಿಗೆ ಸುರಿದು, ಮತ್ತೆ ಅಲ್ಲೇ ಇಟ್ಟಳು. ಏಸಿಯ ನೀರು ಹೊರಹೋಗುವ ಪೈಪು ಕಟ್ಟಿಕೊಂಡು ಎರಡು ತಿಂಗಳಾಗಿತ್ತು. ಸರಿ ಮಾಡಿಸಲು ದುಡ್ಡು ಬಿಚ್ಚಬೇಕು. ಪಾರವ್ವ ಹೇಗೂ ಇದ್ದಾಳಲ್ಲ.

ಸಂಜಯನಗರದ ಆ ಕೋಣೆ ಹಿಂದೆ ಯಾರದೋ ಮನೆಯ ಅಡುಗೆಮನೆ. ಈಗ ಅಲ್ಲಿ ಬೀರುವಿನಂತೆ ನಿಂತ ಸರ್ವರ್‌ಗಳ ಮೇಲೆ ನಲವತ್ತು ಆನ್‌ಲೈನ್ ಅಂಗಡಿಗಳು ನಡೆಯುತ್ತಿದ್ದವು: ಸೀರೆ, ಚಪ್ಪಲಿ, ನಾಯಿಯ ಬಿಸ್ಕತ್ತು. ಯಾವ ಅಂಗಡಿಗೆ ಗಿರಾಕಿ ನುಗ್ಗುತ್ತಾರೋ ಅದಕ್ಕೆ ಸರ್ವರ್ ಹೆಚ್ಚಿಸಿಕೊಡುವುದು ಗೋಕುಲ್‌ನ ಕೆಲಸ. ಇವತ್ತು ಹಬ್ಬದ ಸೇಲು, ಎಲ್ಲವೂ ಕಾದ ಹಂಚು. ಏಸಿ ನಿಲ್ಲಿಸುವಂತಿಲ್ಲ, ಬಕೆಟ್ ಚೆಲ್ಲುವಂತಿಲ್ಲ. ಚೆಲ್ಲಿದರೆ ನೆಲದ ಮೇಲಿನ ಕರೆಂಟ್ ಬೋರ್ಡಿಗೆ ನೀರು. ನಲವತ್ತೂ ಅಂಗಡಿ ಬಂದ್.

ಪಾರವ್ವ ‘ಸರ್ವರ್’ ಎಂಬ ಮಾತು ಕಲಿತದ್ದು ಇಲ್ಲಲ್ಲ, ರೇಷನ್ ಅಂಗಡಿಯಲ್ಲಿ. ಅಂಗಡಿಯ ಆನಂದಪ್ಪ ನಾಲ್ಕು ದಿನದಿಂದ ಒಂದೇ ರಾಗ ಹಾಡಿ ವಾಪಸ್ ಕಳಿಸುತ್ತಿದ್ದ: “ಸರ್ವರ್ ಇಲ್ಲಮ್ಮ. ನಾಳೆ ಬಾ.” ಇವತ್ತು ತಿಂಗಳ ಕೊನೆಯ ದಿನ. ಹೆಬ್ಬೆಟ್ಟು ಒತ್ತದಿದ್ದರೆ ಈ ತಿಂಗಳ ಅಕ್ಕಿ ಹೋಯಿತು. ಗಂಡ ಮುರಿಗೆಪ್ಪ ಬೆಳಿಗ್ಗೆಯೇ ಸಾಲಿನಲ್ಲಿ ನಿಂತಿದ್ದ. ಆದರೆ ಕಾರ್ಖಾನೆಯ ಆ್ಯಸಿಡ್ಡು ಅವನ ಹತ್ತೂ ಬೆರಳಿನ ಗೆರೆ ತಿಂದು ಹಾಕಿತ್ತು. ಯಂತ್ರಕ್ಕೆ ಇವಳ ಹೆಬ್ಬೆಟ್ಟೇ ಬೇಕು. ಮನೆಯಲ್ಲಿ ನಿನ್ನೆಯಿಂದ ಒಲೆ ಹತ್ತಿರಲಿಲ್ಲ.

ಹನ್ನೆರಡೂವರೆಗೆ ಮುರಿಗೆಪ್ಪನ ಫೋನು ಬಂತು. “ಸರ್ವರ್ ಬಂದೈತಿ. ಒಂದಕ್ಕ ಬಾಗ್ಲಾ ಹಾಕ್ತಾನಂತ, ಲಗೂ ಬಾ.”

ಪಾರವ್ವ ಬಾಗಿಲಿಗೆ ಓಡಿದಳು. “ಸಾರ್, ಹತ್ತ ನಿಮಿಷ ಬಿಡ್ರಿ. ಇದ ರಸ್ತೆ ತುದೀಗೆ ಐತಿ. ಹೆಬ್ಬಟ್ಟ ಒತ್ತಿ ಬಂದಬಿಡ್ತೀನಿ.”

“ಬಕೆಟ್ ನಿಮ್ಮಪ್ಪ ಎತ್ತಾನಾ?”

“ಒಂದ ಸಲ ನೀವ...”

“ನಾನಾ? ನಿಮ್ ಜಾತಿಯೋರು ಎತ್ತೋ ಬಕೆಟ್ಟು ನಾನ್ ಎತ್ಬೇಕಾ? ಹೊಟ್ಟೆಗಿಲ್ದೆ ಬಸ್ ಹತ್ತಿ ಬಂದ್ಬಿಡ್ತೀರ, ಆಮೇಲೆ ನಮಗೇ ಕೆಲ್ಸ ಹೇಳ್ತೀರ. ಮುಚ್ಕೊಂಡ್ ಕೂತ್ಕೋ ಮುಂಡೆ.”

ಗೋಕುಲ್ ಒಳಬಂದು ಅವಳ ಕೊರಳಿನ ಕಾರ್ಡು ಕಿತ್ತುಕೊಂಡು ಹೋದ. ಆ ಕಾರ್ಡಿಲ್ಲದೆ ಬಾಗಿಲು ತೆರೆಯದು. ಪಾರವ್ವ ಗಾಜು ಬಡಿದಳು, ಕೈ ಮುಗಿದಳು. ಆಚೆ ಅವನು ಕಂಪ್ಯೂಟರಿನ ಮುಂದೆ ಪಿಜ್ಜಾ ಮುರಿಯುತ್ತಿದ್ದ. ನಡುವೆ ಬಕೆಟ್ ಎರಡು ಸಲ ತುಂಬಿತು, ಎರಡು ಸಲವೂ ಎತ್ತಿ ಸುರಿದಳು.

ಒಂದು ಗಂಟೆ ದಾಟಿ ಮತ್ತೆ ಫೋನು. “ಬಾಗ್ಲಾ ಹಾಕಿದ,” ಅಂದ ಮುರಿಗೆಪ್ಪ. “ಪಾರೂ, ಇವತ್ತ ಏನ್ ತಿನ್ನೂಣು?”

ಪಾರವ್ವ ಫೋನನ್ನು ಸೆರಗಿಗೆ ಕಟ್ಟಿ, ಹಳೆಯ ಅಡುಗೆಕಟ್ಟೆಯ ಮೇಲೆ ಹತ್ತಿ ಕಾಲು ಮಡಚಿ ಕೂತಳು. ಬಕೆಟ್ ಮೂರನೆಯ ಸಲ ತುಂಬಿತು. ಅವಳು ಏಳಲಿಲ್ಲ. ನೀರು ಅಂಚು ಮೀರಿ ನೆಲಕ್ಕಿಳಿದು, ನಿಧಾನವಾಗಿ ಬೋರ್ಡಿನ ಕಡೆ ಹರಿಯಿತು. ಚಟ್ ಎಂದಿತು. ಕೋಣೆ ಕತ್ತಲಾಯಿತು. ಅಷ್ಟೂ ಯಂತ್ರಗಳ ಗುಂಯ್ಗುಡುವಿಕೆ ನಿಂತಿತು.

ಕರೆಂಟ್ ಹೋದದ್ದೇ ಬಾಗಿಲು ತಾನಾಗಿ ಬಿಚ್ಚಿಕೊಂಡಿತು. ಗೋಕುಲ್ ಬಾಯಲ್ಲಿ ತುತ್ತಿಟ್ಟುಕೊಂಡೇ ಓಡಿ ಬಂದ.

“ಏನಾಯ್ತೇ? ಎಲ್ಲಾ ಅಂಗಡೀನೂ ಹೋಯ್ತಲ್ಲೇ.”

ಪಾರವ್ವ ಕಟ್ಟೆಯಿಂದ ಇಳಿಯಲಿಲ್ಲ. ಯಾರಿಗೂ ಬೇಡವಾದ ಹೆಬ್ಬೆಟ್ಟನ್ನು ಅವನ ಮುಖದ ಮುಂದೆ ಹಿಡಿದಳು.

“ಸರ್ವರ್ ಇಲ್ಲಪ್ಪ. ನಾಳೆ ಬಾ.”