ಕಿಂಯ್ ಸಪ್ಪಳದ ಪಂಚಾಯ್ತಿ

ಆಳಂದದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಕರೀಮಸಾಬನ ಗ್ಯಾರೇಜಿಗೆ ಬೋರ್ಡಿಲ್ಲ. ಇದ್ದ ಬೋರ್ಡು ಒಂದು ಬೇಸಿಗೆಯ ಗಾಳಿಗೆ ಬಿದ್ದು ಒಂಬತ್ತು ವರ್ಷವಾಯಿತು. ಅದನ್ನೆತ್ತಿ ಮತ್ತೆ ನಿಲ್ಲಿಸುವ ಗರಜು ಅವನಿಗೆ ಬೀಳಲಿಲ್ಲ. ಮಂದಿ ಬರುತ್ತಿದ್ದದ್ದು ಅವನ ಕಿವಿಗಾಗಿ. ಗಾಡಿ ಇನ್ನೂ ಓಣಿಯ ತಿರುವಿನಲ್ಲಿರುವಾಗಲೇ, ಒಳಗೆ ಕೂತು ಚಹಾ ಕುಡಿಯುತ್ತಿದ್ದವನು "ಹಿಂದಿನ ಬೇರಿಂಗ್ ಹೋಗ್ಯಾದ, ಒಳಗ ತರ್ರಿ" ಎಂದು ಕೂಗಿದ್ದನ್ನು ಅಫಜಲಪುರದ ಜೀಪಿನವರೂ ಜೇವರ್ಗಿಯ ಟ್ರ್ಯಾಕ್ಟರಿನವರೂ ಈಗಲೂ ಹೇಳುತ್ತಾರೆ. ಹೊಸ ಗ್ಯಾರೇಜಿನವರು ಕಂಪ್ಯೂಟರು ಹಚ್ಚಿ ಅರ್ಧ ದಿನ ತಿಣುಕಿ ಹೇಳುವುದನ್ನು ಇವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಕೆಯನ್ನು ಕಿವಿಗೆ ಒತ್ತಿ, ಒಂದು ಬೀಡಿ ಸೇದುವಷ್ಟರಲ್ಲಿ ಹೇಳುತ್ತಿದ್ದ. ಅರವತ್ನಾಲ್ಕು ವರ್ಷದ ಗಂಡಸಿಗೆ ಸೊಕ್ಕು ಮಾಡಲಿಕ್ಕೆ ಏನಾದರೊಂದು ಬೇಕಲ್ಲ. ಕರೀಮಸಾಬನಿಗೆ ಹೊಲವಿಲ್ಲ, ಹಲ್ಲೂ ಅರ್ಧವಿಲ್ಲ; ಕಿವಿಯೊಂದಿತ್ತು.

ಒಂದು ಶುಕ್ರವಾರ ಅವನು ಜುಮ್ಮಾ ನಮಾಜು ಮುಗಿಸಿ ಬಂದು, ಬಿಳಿ ಅಂಗಿ ಬಿಚ್ಚಿ ಗ್ರೀಸಿನ ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಮಟಕಿಯ ಶಾಂತಲಿಂಗಪ್ಪನ ಕಾರು ಬಂದು ನಿಂತಿತು. ಶಾಂತಲಿಂಗಪ್ಪ ಇಳಿದ, ಅವನ ಹೆಂಡತಿ ಸುಭದ್ರಾಬಾಯಿ ಇಳಿದಳು. ಇಬ್ಬರೂ ಒಂದೇ ಗಾಡಿಯಿಂದ ಇಳಿದವರಂತೆ ಕಾಣಲಿಲ್ಲ. ಅವನು ಬಾನೆಟ್ಟಿನ ಬಲಕ್ಕೆ ನಿಂತರೆ ಅವಳು ಎಡಕ್ಕೆ ನಿಂತಳು, ಕೋರ್ಟಿನಲ್ಲಿ ವಾದಿ ಪ್ರತಿವಾದಿ ನಿಲ್ಲುವ ಹಾಗೆ.

"ಕರೀಮಸಾಬ, ಗಾಡಿ ರಿಪೇರಿಗೆ ತಂದಿಲ್ಲ. ನ್ಯಾಯಕ್ಕ ತಂದೇನಿ," ಅಂದ ಶಾಂತಲಿಂಗಪ್ಪ. "ಇಂಜಿನ್ ಚಾಲೂ ಇಟ್ಟು ನಿಂತಲ್ಲೇ ನಿಂತ್ರ ಕಿಂಯ್ ಅಂತದ ಅಂತಾಳ ಇಕಿ. ಮೂರು ತಿಂಗಳಾತು, ಇದೊಂದೇ ರಾಗ. ನನಗೇನೂ ಕೇಳಂಗಿಲ್ಲ. ಓಡಸಾಂವ ನಾನು. ಸಪ್ಪಳ ಇದ್ರ ನನಗ ಕೇಳಬೇಕೋ ಬ್ಯಾಡೋ?"

"ಸೂಜಿಲೆ ಕಿವ್ಯಾಗ ಚುಚ್ಚಿದಂಗಾಗ್ತದ ಕರೀಮಣ್ಣಾ," ಅಂದಳು ಸುಭದ್ರಾಬಾಯಿ. "ರೈಲ್ವೆ ಗೇಟಿನ್ಯಾಗ ನಿಂತಾಗ ಜೀವ ಹೋದಂಗಾಗ್ತದ. ಓಡಾಕತ್ತಿದ್ರ ಇರಂಗಿಲ್ಲ. ನಮ್ಮ ವಿದ್ಯಾವತಿ ಬಂದಾಗ ಆಕೀನೂ ಕೇಳ್ಯಾಳ."

"ಮಗಳು ತಾಯಿ ಪಾರ್ಟಿ. ಆ ಸಾಕ್ಷಿ ನಡೆಯಂಗಿಲ್ಲ."

ಶಾಂತಲಿಂಗಪ್ಪ ಕೆಟ್ಟ ಮನುಷ್ಯನಲ್ಲ. ಆದರೆ ತಾನು ಕಾಣದ್ದು, ಕೇಳದ್ದು ಲೋಕದಲ್ಲಿ ಇಲ್ಲವೇ ಇಲ್ಲ ಎಂದು ನಂಬಿದ ಜಾತಿಯವನು. ಹೆಂಡತಿಯ ಕಿವಿಯಲ್ಲಿ ಗಾಳಿ ಹೊಕ್ಕಿದೆ ಎಂದು ತೀರ್ಮಾನಿಸಿ, ಮೂರು ತಿಂಗಳಿಂದ ರಾತ್ರಿ ಊಟವಾದ ಮೇಲೆ ಬಳ್ಳೊಳ್ಳಿ ಕಾಯಿಸಿದ ಎಣ್ಣೆಯನ್ನು ತಾನೇ ಕೈಯಾರೆ ಅವಳ ಕಿವಿಗೆ ಬಿಡುತ್ತಿದ್ದ. ಪ್ರೀತಿಯಿಂದಲೇ ಬಿಡುತ್ತಿದ್ದ, ಅದೇ ಹೆಚ್ಚು ಸಂಕಟದ ಮಾತು. ಎಣ್ಣೆಯಿಂದ ಗುಣ ಕಾಣದೆ ಹೋದಾಗ, ಇದು ಕಿವಿಯದಲ್ಲ, ತಲೆಯದು ಅನ್ನಲು ಶುರುಮಾಡಿದ.

ಈ ದಿನ ಇಬ್ಬರೂ ಇಜೇರಿಗೆ ಹೊರಟಿದ್ದರು. ಅಲ್ಲಿ ಸುಭದ್ರಾಬಾಯಿಯ ತಮ್ಮ ಅಮರನಾಥನ ಮೊಮ್ಮಗನನ್ನು ಮರುದಿನ ತೊಟ್ಟಿಲಿಗೆ ಹಾಕುವ ಕಾರ್ಯ. ನ್ಯಾಯ ಆಗದ ಹೊರತು ತವರಿಗೆ ಈ ಗಾಡಿಯಲ್ಲಿ ಬರುವುದಿಲ್ಲ ಎಂದು ಅವಳು ಅಂಗಳದಲ್ಲೇ ಕೂತುಬಿಟ್ಟಿದ್ದಳಂತೆ. ಕೊನೆಗೆ ಒಪ್ಪಂದವಾಯಿತು: ಕರೀಮಸಾಬ ಏನು ಹೇಳುತ್ತಾನೋ ಅದೇ ಖರೆ. ಸಪ್ಪಳ ಇದೆ ಅಂದರೆ ಗಂಡ ಬಾಯಿ ಮುಚ್ಚಿಕೊಳ್ಳಬೇಕು. ಇಲ್ಲ ಅಂದರೆ ಅವಳು ಕಲಬುರ್ಗಿಗೆ ಹೋಗಿ ತಲೆ ತೋರಿಸಿಕೊಳ್ಳಬೇಕು.

ಇಷ್ಟು ದೊಡ್ಡ ಪಂಚಾಯ್ತಿ ತನ್ನ ಕಿವಿಯ ಮೇಲೆ ಕೂತದ್ದು ಕರೀಮಸಾಬನಿಗೆ ಒಳಗೊಳಗೇ ಖುಷಿ ಕೊಟ್ಟಿತು. "ಚಾಲೂ ಮಾಡ್ರಿ ಸಾವಕಾರ್ರ," ಅಂದು ಬಾನೆಟ್ ಎತ್ತಿದ. ಇಂಜಿನ್ನು ಗುಡುಗುಡು ಎಂದು ನಿಂತಲ್ಲೇ ಓಡತೊಡಗಿತು. ಸ್ಕ್ರೂಡ್ರೈವರನ್ನು ಒಂದು ಕಡೆ ಊರಿದ, ಇನ್ನೊಂದು ಕಡೆ ಊರಿದ. ವಾಲ್ವುಗಳ ಟಕಟಕ ಕೇಳಿತು, ಫ್ಯಾನಿನ ಭರ್ರ್ ಕೇಳಿತು, ಎಲ್ಲವೂ ಹದವಾಗಿತ್ತು. ಕಿಂಯ್ ಎನ್ನುವುದು ಮಾತ್ರ ಎಲ್ಲೂ ಇರಲಿಲ್ಲ. ಸುಭದ್ರಾಬಾಯಿ ಮುಖ ಕಿವುಚಿ ನಿಂತದ್ದನ್ನು ಓರೆಗಣ್ಣಿನಲ್ಲಿ ನೋಡಿದ. ಪಾಪ ಅನ್ನಿಸಿತು. ಆದರೂ ನ್ಯಾಯ ನ್ಯಾಯವೇ.

"ಇಲ್ಲ ಅಕ್ಕಾರ. ಏನೂ ಸಪ್ಪಳ ಇಲ್ಲ. ಇಂಜಿನ್ ಬರಾಬ್ಬರಿ ಅದ."

ಶಾಂತಲಿಂಗಪ್ಪ ಫೋನು ತೆಗೆದ. ಅಲ್ಲೇ ನಿಂತು, ಓಣಿಗೆಲ್ಲ ಕೇಳುವ ಹಾಗೆ ಇಜೇರಿಗೆ ಸುದ್ದಿ ಮುಟ್ಟಿಸಿದ: "ಅಮರನಾಥಾ, ಆಳಂದದಾಗ ಕರೀಮಸಾಬ ಹೇಳಿಬಿಟ್ಟ. ಸಪ್ಪಳ ಇಲ್ಲ. ನಿಮ್ಮ ಅಕ್ಕಂದೇ ತಲಿ ಕೆಟ್ಟದ. ಮನ್ಯಾಗ ಎಲ್ಲಾರಿಗೂ ಹೇಳು, ಸ್ವಲ್ಪ ಸಂಭಾಳಿಸ್ಕೊಂಡ್ ಹೋಗ್ರಿ." ಆ ಮನೆಯಲ್ಲಿ ಆಗಲೇ ನಲವತ್ತು ಮಂದಿ ಬೀಗರು ಕೂಡಿದ್ದರು.

ಸುಭದ್ರಾಬಾಯಿ ಬಾಯಿ ಮಾಡುತ್ತಾಳೆ ಎಂದು ಕರೀಮಸಾಬ ಕಾಯುತ್ತಿದ್ದ. ಅವಳು ಬಾಯಿ ಮಾಡಲಿಲ್ಲ. ಹಳೇ ಟೈರಿನ ಮೇಲೆ ಮೆಲ್ಲಗೆ ಕೂತು, "ನೀವೂ ಇಲ್ಲ ಅಂದ ಮ್ಯಾಲ ಇರಂಗಿಲ್ಲ ಬಿಡ್ರಿ, ಕರೀಮಣ್ಣಾ. ನನಗೇ ಏನೋ ಆಗ್ಯಾದ," ಅಂದಳು. ಅಂದು, ಇನ್ನೂ ಚಾಲೂ ಇದ್ದ ಗಾಡಿಯ ಕಡೆ ಹೆದರಿದವಳಂತೆ ನೋಡಿದಳು. ಗೆದ್ದ ಕಡೆಯವನ ಮುಖ ನೋಡಲು ಕರೀಮಸಾಬನಿಗೆ ಮನಸ್ಸಾಗಲಿಲ್ಲ.

ಗ್ಯಾರೇಜಿನ ಹಿಂದೆಯೇ ಅವನ ಮನೆ. ಸಾವಕಾರರು ಬಂದಿದ್ದಾರೆಂದು ಅವನ ಹೆಂಡತಿ ಪೀರಬಿ ತಟ್ಟೆಯಲ್ಲಿ ಚಹಾ ಹಿಡಿದು ಬಂದಳು. ಬಾಗಿಲು ದಾಟಿದವಳೇ ಮುಖ ಹಿಂಡಿ, ಭುಜವೆತ್ತಿ ಒಂದು ಕಿವಿ ಮುಚ್ಚಿಕೊಂಡಳು. ಎರಡನೆಯದನ್ನು ಮುಚ್ಚಲು ಕೈ ಖಾಲಿ ಇರಲಿಲ್ಲ.

"ಯಾ ಅಲ್ಲಾ! ಏನ್ರಿ ಇದು, ಕಿಂಯ್ ಅಂತ! ಅಡಗಿಮನಿ ತನಕ ಬರಾಕತ್ತದ. ಬಂದ್ ಮಾಡ್ರಿ ಅದನ್ನ!"

ಸುಭದ್ರಾಬಾಯಿ ಟೈರಿನ ಮೇಲಿಂದ ಎದ್ದು ನಿಂತಳು.

ಕರೀಮಸಾಬನಿಗೆ ಆ ಗಳಿಗೆಯಲ್ಲಿ ನೆನಪಾದದ್ದು ಕುಕ್ಕರು. ಪಕ್ಕದಲ್ಲೇ ಕೂತಿದ್ದರೂ ಅದು ಸೀಟಿ ಹೊಡೆದದ್ದು ತನಗೆ ಗೊತ್ತಾಗುವುದಿಲ್ಲವೆಂದು, ಕುಕ್ಕರಿನ ಸೀಟಿ ಕೆಟ್ಟಿದೆ ಎಂದು ಬಗೆದು, ಒಂದೇ ವರ್ಷದಲ್ಲಿ ಎರಡು ಸಲ ಹೊಸದು ತಂದಿದ್ದ. ಪೀರಬಿ ಎರಡು ಸಲವೂ ಏನೂ ಅನ್ನದೆ ತೆಗೆದಿಟ್ಟುಕೊಂಡಿದ್ದಳು. ಕೆಟ್ಟದ್ದು ಸೀಟಿಯಲ್ಲ ಎಂದು ಈಗ ಹೊಳೆಯಿತು. ಆದರೆ ಸೊಕ್ಕು ಅಷ್ಟು ಸುಲಭಕ್ಕೆ ಹೋಗುವ ವಸ್ತುವಲ್ಲ.

"ಹಾಂ, ಈಗ ಬಂತು ನೋಡ್ರಿ!" ಅಂದುಬಿಟ್ಟ. "ಆಗ ಇರಲಿಲ್ಲ. ಇಂಜಿನ್ ಬಿಸಿ ಆದ ಮ್ಯಾಲ ಬರ್ತದ ಇದು."

ಶಾಂತಲಿಂಗಪ್ಪ ಹಿಂದೆ ಬೀಳುವ ಗಿರಾಕಿಯಲ್ಲ. "ಹೌದ್ಹೌದು, ಈಗ ನನಗೂ ಕೇಳಾಕತ್ತು."

ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಕಿಂಯ್ ಅಂದರೆ ಬೆಲ್ಟೇ ಇರಬೇಕು ಎಂದು ಲೆಕ್ಕ ಹಾಕಿದ ಕರೀಮಸಾಬ, ಒಂದು ಮಗ್ಗು ನೀರು ತಂದು ತಿರುಗುತ್ತಿದ್ದ ಬೆಲ್ಟಿನ ಮೇಲೆ ಚಿಮುಕಿಸಿದ. ಬೆಲ್ಟು ಸವೆದಿದ್ದರೆ ನೀರು ಬಿದ್ದಾಗ ಸಪ್ಪಳ ನಿಲ್ಲುತ್ತದೆ, ಆರಿದ ಮೇಲೆ ಮತ್ತೆ ಬರುತ್ತದೆ. ನಲವತ್ತು ವರ್ಷದ ಹಳೆಯ ಪರೀಕ್ಷೆ. ಪರೀಕ್ಷೆಯೇನೋ ಸರಿ, ಫಲಿತಾಂಶ ಕೇಳಲಿಕ್ಕೆ ಕಿವಿ ಬೇಕಲ್ಲ. ಪೀರಬಿಯ ಮುಖ ನೋಡಿ ತಿಳಿದುಕೊಳ್ಳಬೇಕಾಗಿತ್ತು. ನಾಚಿಕೆಯಾಗಿ ಶಾಂತಲಿಂಗಪ್ಪನನ್ನು ನೋಡಿದ. ಶಾಂತಲಿಂಗಪ್ಪ ಹುಬ್ಬು ಗಂಟಿಕ್ಕಿ, ತಲೆ ವಾಲಿಸಿ ನಿಂತಿದ್ದ.

"ಇನ್ನೂ ಅದ," ಅಂದ ಗಂಭೀರವಾಗಿ. "ಸಣ್ಣಗ ಅದ."

"ಹೂನ್ರಿ, ಅದ," ಅಂದ ಕರೀಮಸಾಬ. "ಪೂರಾ ಹೋಗಿಲ್ಲ. ನನಗೂ ಕೇಳಾಕತ್ತದ."

"ಹೆಂಗ ಕೇಳಾಕತ್ತದ?" ಸುಭದ್ರಾಬಾಯಿ ಬಹಳ ಮೆತ್ತಗೆ ಕೇಳಿದಳು.

"ಕಿಂಯ್ಯ್ ಅಂತ," ಅಂದ ಗಂಡ.

"ಅಲ್ಲ, ಸ್ವಲ್ಪ ಕುಂಯ್ ಅಂದಂಗ," ಎಂದು ತಿದ್ದಿದ ಕರೀಮಸಾಬ.

ಪೀರಬಿ ಚಹಾದ ತಟ್ಟೆಯನ್ನು ಕಾರಿನ ಮೇಲೆ ಇಟ್ಟು, ಸೆರಗು ಬಾಯಿಗೆ ತುರುಕಿಕೊಂಡಳು. ನೀರು ಬಿದ್ದ ಕೂಡಲೇ ಸಪ್ಪಳ ಪೂರ್ತಿ ನಿಂತಿತ್ತು. ಇದ್ದ ಸಪ್ಪಳ ಕೇಳದ ಇಬ್ಬರು ಗಂಡಸರು, ಇಲ್ಲದ ಸಪ್ಪಳ ಕಿಂಯ್ಯೋ ಕುಂಯ್ಯೋ ಎಂದು ವಾದಕ್ಕೆ ನಿಂತಿದ್ದರು. ಸುಭದ್ರಾಬಾಯಿ ಮೊದಲು ತಡೆದುಕೊಂಡಳು, ಆಮೇಲೆ ನಕ್ಕಳು. ಮೂರು ತಿಂಗಳ ನಗು ಅದು, ನಿಲ್ಲಿಸಿದರೂ ನಿಲ್ಲಲಿಲ್ಲ. ಪೀರಬಿ ಅವಳ ಹೆಗಲು ಹಿಡಿದುಕೊಂಡು ನಕ್ಕಳು. ಅಷ್ಟರಲ್ಲಿ ನೀರು ಆರಿತು. ಇಬ್ಬರು ಹೆಂಗಸರೂ ಒಂದೇ ಸಲಕ್ಕೆ ಎರಡೂ ಕಿವಿ ಮುಚ್ಚಿಕೊಂಡರು. ಗಂಡಸರಿಬ್ಬರೂ ಏನೂ ತಿಳಿಯದೆ ಅವರನ್ನೇ ನೋಡುತ್ತ ನಿಂತರು.

ಕರೀಮಸಾಬ ಗಾಡಿ ಬಂದ್ ಮಾಡಿದ. ಬಗ್ಗಿ ಕಣ್ಣಿನಿಂದ ಬೆಲ್ಟನ್ನು ನೋಡಿದ. ಅದರ ಒಳಮೈ ಗಾಜಿನ ಹಾಗೆ ಹೊಳೆಯುತ್ತಿತ್ತು, ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ನಿನ್ನೆ ಮೊನ್ನೆ ಕಸುಬಿಗೆ ಬಂದವನೂ ನೋಡಿದ ಕೂಡಲೇ ಹೇಳಬಹುದಾಗಿತ್ತು. ಇವನು ನೋಡಿಯೇ ಇರಲಿಲ್ಲ. ಕಿವಿ ಇದೆಯಲ್ಲ ಎಂದು ಕಣ್ಣಿಗೆ ಕೆಲಸ ಕೊಡುವುದನ್ನೇ ಬಿಟ್ಟು ಎಷ್ಟು ವರ್ಷವಾಗಿತ್ತೋ.

"ಅಕ್ಕಾರ," ಅಂದ. "ಸಪ್ಪಳ ಇತ್ತು. ಆಗೂ ಇತ್ತು. ನಿಮ್ಮ ಕಿವಿ ಬರಾಬ್ಬರಿ ಅದ, ತಲೀನೂ ಬರಾಬ್ಬರಿ ಅದ. ನನಗ ಕೇಳಲಿಲ್ಲ. ದಪ್ಪ ಸಪ್ಪಳ ಕೇಳ್ತದ, ಸಣ್ಣದು ಕೇಳಂಗಿಲ್ಲ."

ಯಾರೂ ನಗಲಿಲ್ಲ. ಶಾಂತಲಿಂಗಪ್ಪ ಆಚೀಚೆ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿ ಅಂದ: "ಇರ್ಲಿ ಬಿಡು, ನಮ್ಮ ನಮ್ಮೊಳಗ ಇರ್ಲಿ. ಬೆಲ್ಟ್ ಹಾಕು, ಹೋಗ್ತೇವಿ. ನಿನ್ನ ಕಿವಿ ಸುದ್ದಿ ನಾ ಎಲ್ಲೂ ಆಡಂಗಿಲ್ಲ." ಆಡುವ ಹಾಗೂ ಇರಲಿಲ್ಲ, ಕರೀಮಸಾಬನ ಕಿವಿಯ ಸುದ್ದಿ ಹೊರಬಿದ್ದರೆ ಅದರ ಬೆನ್ನಿಗೇ ಅವನದೂ ಬೀಳುತ್ತಿತ್ತು.

"ಇಜೇರಿಗೆ ಫೋನ್ ಹೋಗ್ಯಾದಲ್ಲ," ಅಂದಳು ಸುಭದ್ರಾಬಾಯಿ. "ಅಲ್ಲಿ ಈಗ ನನಗ ಹುಚ್ಚು ಹಿಡದದ ಅಂತ ಮಾತಾಡಾಕತ್ತಿರ್ತಾರ. ತೊಟ್ಟಿಲದಾಗಿನ ಕೂಸನ್ನ ನನ್ನ ಕೈಯಾಗ ಕೊಡಾಕ ಹಿಂದ ಮುಂದ ನೋಡ್ತಾರ."

ಕರೀಮಸಾಬ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇಜೇರಿಯ ಅಮರನಾಥ ಅಂದರೆ ಸಣ್ಣ ಗಿರಾಕಿಯಲ್ಲ. ಅವನ ಎರಡು ಟ್ರ್ಯಾಕ್ಟರು, ಕಾಳು ಒಕ್ಕುವ ರಾಶಿಯ ಮಷೀನು, ಅವನ ಮಾತು ನಂಬಿ ಬರುವ ಊರಿನ ಮತ್ತೆ ಹತ್ತು ಗಾಡಿ. ಎಲ್ಲ ಜೇವರ್ಗಿ ದಾಟಿ, ಕಲಬುರ್ಗಿ ದಾಟಿ, ದಾರಿಯ ಅಷ್ಟೂ ಗ್ಯಾರೇಜು ಬಿಟ್ಟು ಇಲ್ಲಿಗೆ ಬರುತ್ತಿದ್ದದ್ದು ಈ ಕಿವಿಗಾಗಿ. ಬೆಲ್ಟು ಹಾಕಿ ಕಳಿಸಿಬಿಟ್ಟರೆ ಮುಗಿಯಿತು. ಹೇಳುವವರು ಯಾರೂ ಇಲ್ಲ. ಪೀರಬಿಯ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು.

"ಸಾವಕಾರ್ರ, ಹಚ್ರಿ ಇಜೇರಿಗೆ ಫೋನ್."

"ಈಗ ಯಾಕ ಬೇಕು..."

"ಹಚ್ರಿ."

ಫೋನಿನ ಆ ಕಡೆ ಗದ್ದಲವಿತ್ತು. ಕರೀಮಸಾಬ ಅಗತ್ಯಕ್ಕಿಂತ ಜೋರಾಗಿ ಮಾತಾಡಿದ. "ಅಮರನಾಥ ಸಾವಕಾರ್ರ, ನಾ ಆಳಂದದ ಕರೀಮಸಾಬ. ನಿಮ್ಮ ಭಾವನವರು ಹೇಳಿದ್ದು ಸುಳ್ಳು. ಅವರಿಗೆ ಸುಳ್ಳು ಹೇಳಿದಾಂವ ನಾನು. ಗಾಡ್ಯಾಗ ಸಪ್ಪಳ ಅದ, ಬೆಲ್ಟ್ ಹೋಗ್ಯಾದ. ಅಕ್ಕಾರು ಮೂರು ತಿಂಗಳಿಂದ ಖರೇನೇ ಹೇಳ್ಯಾರ. ನನ್ನ ಕಿವಿಗೆ ಅದು ಕೇಳಲಿಲ್ಲ. ನಿಮ್ಮ ಭಾವನವರಿಗೂ ಕೇಳಂಗಿಲ್ಲ. ಮನ್ಯಾಗ ಅಷ್ಟೂ ಮಂದಿಗೆ ಹೇಳ್ರಿ."

ಶಾಂತಲಿಂಗಪ್ಪ ಫೋನು ಕಸಿಯಲು ಕೈ ಚಾಚಿದ. ಸುಭದ್ರಾಬಾಯಿ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

ಆ ಕಡೆಯಿಂದ ಅಮರನಾಥನ ದನಿ ಬಂತು. ದಪ್ಪ ದನಿ, ಚೆನ್ನಾಗಿ ಕೇಳಿಸಿತು: "ಕರೀಮಸಾಬ, ನೀವೇ ಹಿಂಗಂದ್ರ ನಮ್ಮ ಗಾಡಿ ಯಾರು ನೋಡಬೇಕ್ರಿ?"

ಇದೇ ಪ್ರಶ್ನೆಗೆ ಅವನು ಹೆದರಿದ್ದು. ಬಂದ ಮೇಲೆ ಅಷ್ಟೇನೂ ಹೆದರಿಕೆಯಾಗಲಿಲ್ಲ. "ತರ್ರಿ," ಅಂದ. "ನೋಡಾಕ ನಾ ಅದೇನಿ. ಕೇಳಾಕ ನಮ್ಮ ಪೀರಬಿ ಅದಾಳ."

ನಲವತ್ತು ವರ್ಷದಲ್ಲಿ ಚಹಾ ಕೊಡಲು ಬಿಟ್ಟರೆ ಪೀರಬಿ ಗ್ಯಾರೇಜಿನೊಳಗೆ ಕಾಲಿಟ್ಟವಳಲ್ಲ. ಈಗ ಕಾರಿನ ಮೇಲಿನ ತಟ್ಟೆ ಎತ್ತಿಕೊಳ್ಳುತ್ತ, "ಮೊದಲ ಒಂದು ಖುರ್ಚಿ ತಂದು ಹಾಕ್ರಿ. ನಾ ನಿಂತು ಕೇಳಾಕಿ ಅಲ್ಲ," ಅಂದಳು. ಅಂದು, ಆರಿದ ಚಹಾ ಬಿಸಿ ಮಾಡಲು ಒಳಗೆ ಹೋದಳು. ಹೋಗುವಾಗ ಕಣ್ಣೊರೆಸಿಕೊಂಡದ್ದು ಸುಭದ್ರಾಬಾಯಿಗೆ ಮಾತ್ರ ಕಂಡಿತು.

ಹೊಸ ಬೆಲ್ಟು ಹಾಕಲು ಮುಕ್ಕಾಲು ತಾಸು ಹಿಡಿಯಿತು. ಕರೀಮಸಾಬ ಈ ಸಲ ಬೆಲ್ಟು ಸುತ್ತುವ ಪ್ರತಿಯೊಂದು ಚಕ್ರವನ್ನೂ ಕೈಯಿಂದ ತಿರುಗಿಸಿ, ಕಣ್ಣು ಹತ್ತಿರ ತಂದು ನೋಡಿ, ಬೆರಳಿನಿಂದ ಬೆಲ್ಟು ಒತ್ತಿ ಬಿಗಿ ನೋಡಿದ. ಶಾಂತಲಿಂಗಪ್ಪ ಒಳಗೆ ಕೂತು ಗಾಡಿ ಚಾಲೂ ಮಾಡಿದ. ಇಂಜಿನ್ನು ಗುಡುಗುಡು ಅಂದಿತು. ಅವನು ಕಿಟಕಿಯಿಂದ ತಲೆ ಹೊರಹಾಕಿದ.

"ಈಗ ಹೆಂಗದ?" ಎಂದು ಕೇಳಿದ. ಕರೀಮಸಾಬನನ್ನಲ್ಲ, ಹೆಂಡತಿಯನ್ನು. ಗಾಡಿಯ ವಿಷಯದಲ್ಲಿ ಅವಳನ್ನು ಅವನು ಕೇಳಿದ್ದು ಇದೇ ಮೊದಲು. ಕರೀಮಸಾಬನೂ ಕೈ ಒರೆಸಿಕೊಳ್ಳುವುದನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತ ನಿಂತ.

"ತಡೀರಿ," ಅಂದಳು ಸುಭದ್ರಾಬಾಯಿ. "ಕೇಳಾಕತ್ತೇನಿ."

ಅವಳು ಏನೂ ಅವಸರ ಮಾಡಲಿಲ್ಲ.